ಗೋಧಿ ಬಿಟ್ಟ ಮಗಳ ಬುತ್ತಿಗೆ ದಿನಾ ಏನು ಹಾಕಲಿ?

ತುಮಕೂರಿನ ಅಮ್ಮ:
ಮಗಳು ಮೂರನೇ ಕ್ಲಾಸು. ಎರಡು ವರ್ಷದಿಂದ ಹೊಟ್ಟೆನೋವು, ತೂಕ ಏರುತ್ತಿರಲಿಲ್ಲ, ರಕ್ತವೂ ಕಡಿಮೆ ಇತ್ತು. ಹೋದ ತಿಂಗಳು ಸೀಲಿಯಾಕ್ ಕಾಯಿಲೆ ಅಂತ ಗೊತ್ತಾಯಿತು, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನ್ ತಿಂದರೆ ಕರುಳಿಗೆ ಹಾನಿಯಾಗುತ್ತದೆ. ಗೋಧಿ, ಮೈದಾ, ರವೆ, ಬಾರ್ಲಿ ಇನ್ನು ಜೀವನಪೂರ್ತಿ ಬೇಡ ಎಂದಿದ್ದಾರೆ ಡಾಕ್ಟರು. ಮನೆಯಲ್ಲಿದ್ದಾಗ ಏನೂ ತೊಂದರೆಯಿಲ್ಲ, ಬಿಸಿ ಮುದ್ದೆ ಸಾರು ಉಣ್ಣುತ್ತಾಳೆ. ಕಷ್ಟ ಆಗಿರುವುದು ಲಂಚ್ ಬಾಕ್ಸಿಗೆ. ಮೊದಲು ಚಪಾತಿ, ಉಪ್ಪಿಟ್ಟು, ಶ್ಯಾವಿಗೆ, ಬ್ರೆಡ್ಡು ಅಂತ ವಾರ ಕಳೆದುಹೋಗುತ್ತಿತ್ತು. 7:30ಕ್ಕೆ ವ್ಯಾನ್ ಬರುತ್ತದೆ, ಊಟ 12:45ಕ್ಕೆ, ಅಷ್ಟು ಹೊತ್ತು ತಾಳುವಂಥದ್ದು ಬೇಕು. ಗ್ಲುಟೆನ್ ಇಲ್ಲದ ಹಿಟ್ಟು ಅಂತ ಆನ್‌ಲೈನ್‌ನಲ್ಲಿ ಒಂದು ಪ್ಯಾಕೆಟ್ ತರಿಸಿದೆ, ಮಾಮೂಲಿ ಹಿಟ್ಟಿನ ಮೂರು ಪಟ್ಟು ದುಡ್ಡು, ಆದರೂ ಅದರ ಚಪಾತಿ ಮಧ್ಯಾಹ್ನಕ್ಕೆ ಹಪ್ಪಳದ ಹಾಗೆ ಮುರಿಯುತ್ತದೆ. ಅಕ್ಕಿ ರೊಟ್ಟಿಯೂ ಅಷ್ಟೇ, ಆರಿದ ಮೇಲೆ ಗಟ್ಟಿ. ಚಿತ್ರಾನ್ನ ಕಂಡರೆ ಈಗ ಮುಖ ತಿರುಗಿಸುತ್ತಾಳೆ. ಮನೆಯಲ್ಲಿ ಒಂದೇ ಸಂಬಳ, ದಿನಾ ದುಬಾರಿ ಪ್ಯಾಕೆಟ್ ತರಲು ಆಗುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಕೊಡಗಿನ ಸೊಸೆ:
ಆ ಪ್ಯಾಕೆಟ್ ಹಿಟ್ಟು ಬಿಡಿ. ರೊಟ್ಟಿ ಗಟ್ಟಿಯಾಗುವುದು ಹಸಿ ಹಿಟ್ಟಿಗೆ ನೀರು ಹಾಕಿ ಕಲಸಿದ್ದಕ್ಕೆ. ನಮ್ಮಲ್ಲಿ ಅಕ್ಕಿ ರೊಟ್ಟಿಗೆ ಅನ್ನವೇ ಆಧಾರ. ಒಂದು ಲೋಟ ಅನ್ನ ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಚೆನ್ನಾಗಿ ಮಸೆದು, ಉಪ್ಪು ಹಾಕಿ, ಹಿಡಿದಷ್ಟು ಅಕ್ಕಿ ಹಿಟ್ಟು ಸೇರಿಸುತ್ತಾ ನಾದಬೇಕು, ಬೇರೆ ನೀರು ಬೇಡವೇ ಬೇಡ. ಬಾಳೆ ಎಲೆಯ ಮೇಲೆ ತಟ್ಟಿ, ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ, ಕೊನೆಗೆ ಉರಿಯ ಮೇಲೆ ಹಿಡಿದರೆ ಉಬ್ಬುತ್ತದೆ. ತಕ್ಷಣ ಬಟ್ಟೆಯಲ್ಲಿ ಸುತ್ತಿಡಿ. ಮಧ್ಯಾಹ್ನ ಬಿಚ್ಚಿದರೂ ಮೆತ್ತಗೇ ಇರುತ್ತದೆ. ಒಳಗೆ ಕಾಯಿತುರಿ ಬೆಲ್ಲ ಇಟ್ಟು ಸುರುಳಿ ಸುತ್ತಿ ಕೊಡಿ, ಮಕ್ಕಳು ಬಿಡುವುದಿಲ್ಲ. ರಾತ್ರಿಯ ಅನ್ನ ಉಳಿದಿದ್ದರೆ ಸ್ವಲ್ಪ ನೀರು ಚಿಮುಕಿಸಿ ಬಿಸಿ ಮಾಡಿಕೊಂಡರೂ ಆಗುತ್ತದೆ.

ಹತ್ತು ವರ್ಷದ ಅನುಭವಿ:
ನನಗೇ ಈ ಕಾಯಿಲೆ ಇದೆ, ಅದಕ್ಕೆ ಬರೆಯುತ್ತಿದ್ದೇನೆ. ತಿಂಡಿಗಿಂತ ಮೊದಲು ಎರಡು ವಿಷಯ ನೋಡಿ. ಒಂದು, ಇಂಗು. ಅಂಗಡಿಯ ಪುಡಿ ಇಂಗಿಗೆ ಬಹಳ ಕಡೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಚಿತ್ರಾನ್ನ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಉಪ್ಪಿನಕಾಯಿ, ಎಲ್ಲದರಲ್ಲೂ ಅದೇ ಇಂಗು ಇರುತ್ತದೆ. ಗೋಧಿ ಬಿಟ್ಟು ಒಂದು ವರ್ಷವಾದರೂ ನನ್ನ ಹೊಟ್ಟೆ ಸರಿಹೋಗದೇ ಇದ್ದದ್ದು ಇದರಿಂದ, ಯಾರೂ ಹೇಳಿರಲಿಲ್ಲ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದೆ ಓದಿ. ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಎರಡನೆಯದು ಮಿಲ್ಲು. ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿ ಬೀಸಿದರೆ ಆ ರಾಗಿಯೂ ಮಗುವಿಗೆ ಆಗುವುದಿಲ್ಲ. ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ 1 ಕೆಜಿ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅಂತ ನಮ್ಮ ದೇಶದ ನಿಯಮ. ಅದು ಒಂದು ಚಿಟಿಕೆಗೂ ಕಡಿಮೆ, ಮಿಲ್ಲಿನ ಧೂಳೇ ಅದಕ್ಕಿಂತ ಜಾಸ್ತಿ ಇರುತ್ತದೆ ಅಲ್ವಾ. ಅಕ್ಕಿ, ರಾಗಿ ತೊಳೆದು ಒಣಗಿಸಿ ಮನೆಯ ಮಿಕ್ಸಿಯಲ್ಲೇ ವಾರಕ್ಕೆ ಆಗುವಷ್ಟು ಪುಡಿ ಮಾಡಿಕೊಳ್ಳಿ. ಜರಡಿ ಬೇರೆ ಇಡಿ. ಇನ್ನೊಂದು, ಇಡ್ಲಿ ರವೆ ಅಕ್ಕಿಯದು, ತೊಂದರೆ ಇಲ್ಲ, ಆದರೆ ರವೆ ಇಡ್ಲಿ ಗೋಧಿಯದು. ಹೆಸರು ಕೇಳಿ ಸಂಬಂಧಿಕರು ಅದಲುಬದಲು ಮಾಡಿ ಕೊಟ್ಟುಬಿಡುತ್ತಾರೆ. ಪ್ಯಾಕೆಟ್ಟಿನ ರಾಗಿ ಮಾಲ್ಟ್‌ನಲ್ಲೂ ಗೋಧಿ, ಬಾರ್ಲಿ ಸೇರಿಸಿರುವುದುಂಟು.

ವಿಜಯಪುರದವನು:
ನಮ್ಮ ಕಡೆ ಬುತ್ತಿ ಅಂದರೆ ಕಟಕ್ ರೊಟ್ಟಿ. ಜೋಳದ್ದು, ಸಜ್ಜೆಯದ್ದು. ಮುರಿಯುತ್ತದೆ ಅಂತ ಚಿಂತೆಯೇ ಇಲ್ಲ, ಮುರಿಯಲೆಂದೇ ಮಾಡಿದ್ದು. ತಿಂಗಳಾದರೂ ಕೆಡುವುದಿಲ್ಲ, ಭಾನುವಾರ ಒಮ್ಮೆ ಮಾಡಿ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆ ಒಲೆ ಹಚ್ಚುವ ಕೆಲಸವೂ ಇಲ್ಲ. ಶೇಂಗಾ ಹಿಂಡಿ ಅಂದರೆ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಒಂದು ಸೌತೆಕಾಯಿ ಜೊತೆಗೆ ಕೊಡಿ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಗಂಟಿನಲ್ಲೂ ಸಜ್ಜೆ ರೊಟ್ಟಿ ಇರಲೇಬೇಕು. ಅಂಗಡಿಯಲ್ಲಿ ಕೊಳ್ಳುವುದಾದರೆ ಕೇಳಿ ತೆಗೆದುಕೊಳ್ಳಿ, ಸುಲಭವಾಗಿ ಬಡಿಯಲು ಬರಲಿ ಎಂದು ಗೋಧಿ ಹಿಟ್ಟು ಬೆರೆಸುವವರಿದ್ದಾರೆ.

ಇಬ್ಬರು ಮಕ್ಕಳ ತಾಯಿ:
ಮೊಸರನ್ನ ಹುಳಿಯಾಗುತ್ತದೆ ಅಂತ ಬಿಡಬೇಡಿ. ಬೆಳಿಗ್ಗೆ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಸುರಿದು ಒಂದೇ ಚಮಚ ಮೊಸರು ಹಾಕಿ ಕಲಸಿ, ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಗೊಜ್ಜವಲಕ್ಕಿಯೂ ಮಾಡಬಹುದು, ಆರಿದ ಮೇಲೇ ಅದರ ರುಚಿ. ದೋಸೆ ಹಿಟ್ಟು ಉಳಿದರೆ ಪಡ್ಡು. ಬಿಸಿಬಿಸಿ ಇರುವಾಗ ಡಬ್ಬಿ ಮುಚ್ಚಬೇಡಿ, ಬೆವರಿ ಅಂಟಾಗುತ್ತದೆ.

ತುಮಕೂರಿನ ಅಮ್ಮ:
ಇಂಗಿನ ಡಬ್ಬಿ ತೆಗೆದು ನೋಡಿದೆ. ಗೋಧಿ ಹಿಟ್ಟು ಅಂತ ಬರೆದೇ ಇದೆ. ಇಷ್ಟು ದಿನ ನಾನೇ ಚಿತ್ರಾನ್ನಕ್ಕೆ ಹಾಕಿ ಕಳಿಸುತ್ತಿದ್ದೆ, ನೋಡಿ ಕಣ್ಣಲ್ಲಿ ನೀರು ಬಂತು. ಅನ್ನದ ರೊಟ್ಟಿ ಇವತ್ತು ಮಾಡಿದೆ, ಮೊದಲ ಎರಡು ಹರಿದವು, ಮೂರನೆಯದು ಚೆನ್ನಾಗಿ ಬಂತು. ಬಾಕ್ಸ್ ಖಾಲಿ ಬಂದಿದೆ! ಒಂದು ಕೇಳಬೇಕು, ಚಪಾತಿ ಬೇಯಿಸುತ್ತಿದ್ದ ಕಬ್ಬಿಣದ ಕಾವಲಿಯನ್ನೇ ತೊಳೆದು ಬಳಸಿದರೆ ನಡೆಯುತ್ತದಾ?

ಹತ್ತು ವರ್ಷದ ಅನುಭವಿ:
ಬೇಡ. ಅವಳಿಗೇ ಅಂತ ಒಂದು ಚಿಕ್ಕ ಕಾವಲಿ ಕೊಳ್ಳಿ, ಒಂದೇ ಸಲದ ಖರ್ಚು. ಮರದ ಮಣೆ, ಲಟ್ಟಣಿಗೆ, ಸೌಟೂ ಬೇರೆ ಇರಲಿ, ಅವುಗಳ ಸಂದಿಯಲ್ಲಿ ಹಿಟ್ಟು ಉಳಿಯುತ್ತದೆ. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು. ಇಂಗಿನ ವಿಷಯಕ್ಕೆ ನೊಂದುಕೊಳ್ಳಬೇಡಿ, ಒಂದೇ ತಿಂಗಳಲ್ಲಿ ಹಿಡಿದಿರಿ. ಮತ್ತೆ, ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕೊಡಿ. ಬಾಕ್ಸ್ ಹಂಚಿಕೊಂಡು ತಿನ್ನುವಾಗ ಪಕ್ಕದವರ ಚಪಾತಿ ಬೇಡ, ಇವಳದ್ದನ್ನು ಅವರು ಎಷ್ಟು ಬೇಕಾದರೂ ತಿನ್ನಲಿ ಅಂತ.