ಎತ್ತಿದ ನೀರು, ಬತ್ತಿದ ನೀರು: ಡೇಟಾ ಸೆಂಟರ್ ಲೆಕ್ಕಕ್ಕೆ ಎರಡು ಪದಗಳು ಬೇಕು

ಎಐ ಡೇಟಾ ಸೆಂಟರ್‌ಗಳ, ಅಂದರೆ ಸರ್ವರ್ ಎಂಬ ಕಂಪ್ಯೂಟರ್‌ಗಳನ್ನು ಒಟ್ಟಿಗೆ ಇಟ್ಟ ಕಟ್ಟಡಗಳ, ನೀರು ಮತ್ತು ವಿದ್ಯುತ್ತಿನ ಲೆಕ್ಕದ ಕುರಿತು ಶಿರಸಿಯ ನಮ್ಮ ಓದುಗರ ಕೂಟಕ್ಕಾಗಿ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ಕಂಪನಿಗಳ ವರದಿಗಳಲ್ಲಿ ‘ವಾಟರ್ ವಿತ್‌ಡ್ರಾಯಲ್’ ಮತ್ತು ‘ವಾಟರ್ ಕನ್ಸಂಪ್ಶನ್’ ಎಂಬ ಎರಡು ಲೆಕ್ಕಗಳಿರುತ್ತವೆ. ಕನ್ನಡದಲ್ಲಿ ಎರಡಕ್ಕೂ ‘ನೀರಿನ ಬಳಕೆ’ ಎಂದೇ ಬರೆಯುತ್ತಿದ್ದೇವೆ. ಹೊಳೆಯಿಂದಲೋ ಬೋರ್‌ವೆಲ್‌ನಿಂದಲೋ ಒಟ್ಟಾರೆ ಪಡೆದ ನೀರು ಮೊದಲನೆಯದು. ಅದರಲ್ಲಿ ಆವಿಯಾಗಿ ಹೋಗಿ, ತೆಗೆದ ಜಾಗಕ್ಕೆ ಮರಳದೇ ಉಳಿದದ್ದು ಎರಡನೆಯದು. ಇವುಗಳನ್ನು ಬೇರ್ಪಡಿಸದೆ ಹೋದರೆ ಒಂದು ಊರಿಗೆ ಆಗುವ ನಷ್ಟ ಎಷ್ಟೆಂದು ಹೇಳಲಾಗದು.

ನಮ್ಮ ಜಿಲ್ಲೆಯವರಿಗೆ ಈ ವ್ಯತ್ಯಾಸವನ್ನು ತೋರಿಸಲು ದೂರ ಹೋಗಬೇಕಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಕದ್ರಾ ಜಲಾಶಯದಿಂದ ಅಪಾರ ನೀರು ಎತ್ತುತ್ತವೆ, ಆದರೆ ಅದರಲ್ಲಿ ಹೆಚ್ಚಿನದು ಬೆಚ್ಚಗಾಗಿ ಅದೇ ಜಲಾಶಯಕ್ಕೆ ಮರಳುತ್ತದೆ. ಕೂಲಿಂಗ್ ಟವರ್ ಇರುವ ಡೇಟಾ ಸೆಂಟರ್‌ನ ಬಗೆ ಬೇರೆ: ಸರ್ವರ್‌ಗಳ ಬಿಸಿಯನ್ನು ಹೊತ್ತು ತಂದ ನೀರಿನ ಒಂದು ಪಾಲು ಗಾಳಿಗೆ ಆವಿಯಾಗಿ ಹೋಗುವುದರಿಂದಲೇ ಉಳಿದದ್ದು ತಣಿಯುತ್ತದೆ; ಹೀಗೆ ಸುತ್ತು ಸುತ್ತಿದಂತೆಲ್ಲ ನೀರಿನಲ್ಲಿ ಲವಣಾಂಶ ಗಟ್ಟಿಯಾಗುತ್ತ ಬಂದು, ಕೊನೆಗೆ ಅದನ್ನೂ ಹೊರಬಿಟ್ಟು ಹೊಸ ನೀರು ತುಂಬಬೇಕಾಗುತ್ತದೆ. ಗೂಗಲ್‌ನ ಡೇಟಾ ಸೆಂಟರ್‌ಗಳಿಂದ 2023ರಲ್ಲಿ ಹೀಗೆ ಮರಳದೇ ಹೋದ ನೀರು, ಆ ಕಂಪನಿಯೇ ಕೊಟ್ಟ ಲೆಕ್ಕದಂತೆ, ಸುಮಾರು 610 ಕೋಟಿ ಗ್ಯಾಲನ್, ಅಂದರೆ 2,300 ಕೋಟಿ ಲೀಟರಿನಷ್ಟು.

ನನಗೆ ತೋಚಿದ ಜೋಡಿ ‘ಎತ್ತಿದ ನೀರು’ ಮತ್ತು ‘ಬತ್ತಿದ ನೀರು’. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ‘ಇನ್ನೂ ಬತ್ತಬೇಕು’ ಎನ್ನುತ್ತೇವೆ. ನೀರು ಹೋಗಿ ಗಟ್ಟಿ ಉಳಿಯುವುದೆಂಬ ಅರ್ಥ ಅಲ್ಲಿ ಸ್ಪಷ್ಟವಾಗಿದೆ. ‘ಇಂಗಿದ ನೀರು’ ಎನ್ನುವಂತಿಲ್ಲ, ಏಕೆಂದರೆ ಇಂಗಿದ್ದು ನೆಲಕ್ಕೆ ಸೇರಿ ಎಂದಾದರೂ ಬಾವಿಗೆ ಬರುತ್ತದೆ. ‘ವ್ಯಯ’ ಎಂದರೆ ಜಮಾಖರ್ಚಿನ ಪುಸ್ತಕದ ವಾಸನೆ. ನನ್ನ ಅನುಮಾನ ವ್ಯಾಕರಣದ್ದು: ‘ಈ ಕಟ್ಟಡ ವರ್ಷಕ್ಕೆ ಇಷ್ಟು ನೀರನ್ನು ಬತ್ತಿಸುತ್ತದೆ’ ಎಂದು ಬರೆದರೆ, ಕೆರೆಯನ್ನೇ ಬತ್ತಿಸಿತೆಂಬ ಅರ್ಥ ಬಂದು ಓದುಗರು ದಾರಿ ತಪ್ಪುತ್ತಾರೆಯೇ? ನೀರನ್ನು ಉಳಿಸುವ ಗಾಳಿ ತಂಪಿನ ವ್ಯವಸ್ಥೆಗಳು ಸಾಮಾನ್ಯವಾಗಿ ಹೆಚ್ಚು ವಿದ್ಯುತ್ ಬೇಡುವುದರಿಂದ, ವಿದ್ಯುತ್ ಸ್ಥಾವರದಲ್ಲಿ ಬತ್ತುವ ನೀರನ್ನೂ ಇದೇ ಪದದಿಂದ ಸೂಚಿಸಬಹುದೇ ಎಂಬುದೂ ತಿಳಿಯಬೇಕಾಗಿದೆ.

ಒಬ್ಬರ ಕೆಲಸದ ಖರ್ಚು ಇನ್ನೊಬ್ಬರ ಮೇಲೆ ಬೀಳುವುದಕ್ಕೆ ಇನ್ನೊಂದು ಪದವೂ ಬೇಕು. ಅಮೆರಿಕದ 13 ರಾಜ್ಯಗಳಿಗೂ ರಾಜಧಾನಿಗೂ ವಿದ್ಯುತ್ ಜಾಲ ನಡೆಸುವ ಪಿಜೆಎಂನ 2024ರ ಹರಾಜಿನಲ್ಲಿ, ಸ್ಥಾವರಗಳನ್ನು ಸಜ್ಜಾಗಿಡಲು ಕೊಡುವ ದರವು ದಿನಕ್ಕೆ ಮೆಗಾವ್ಯಾಟೊಂದಕ್ಕೆ ಸುಮಾರು 29 ಡಾಲರಿನಿಂದ 270 ಡಾಲರಿಗೆ ಏರಿತು. ಹಳೆಯ ಸ್ಥಾವರಗಳು ಮುಚ್ಚಿದ್ದೂ ಇದಕ್ಕೊಂದು ಕಾರಣ. ಡೇಟಾ ಸೆಂಟರ್‌ಗಳ ಬೇಡಿಕೆ ದೊಡ್ಡ ಕಾರಣ. ಆ ಹೆಚ್ಚಳ ಮನೆಮನೆಯ ಕರೆಂಟ್ ಬಿಲ್ಲಿಗೂ ಇಳಿದಿದೆ. ಇದನ್ನು ‘ಬಾಹ್ಯ ವೆಚ್ಚ’ ಎಂದರೆ ಹೊರಗೆಲ್ಲೋ ಮಾಡಿದ ಖರ್ಚೆಂದು ಕೇಳಿಸುತ್ತದೆ. ಕಾಳಿ, ಶರಾವತಿ ಕಣಿವೆಗಳಲ್ಲಿ ‘ಮುಳುಗಡೆ’ ಎಂದರೆ ಸಾಕು, ವಿದ್ಯುತ್ತು ಯಾರಿಗೆ, ಕಳೆದುಕೊಂಡವರು ಯಾರು ಎಂಬುದೆಲ್ಲ ಅದರಲ್ಲೇ ಬರುತ್ತದೆ. ಅಣೆಕಟ್ಟಿಗಾಗಿ ಸೂಪಾ ಬಿಟ್ಟು ಜೋಯಿಡಾ ತಾಲೂಕಿನ ರಾಮನಗರಕ್ಕೆ ಬಂದ ಮನೆತನಗಳಿಗೆ ಅದನ್ನು ವಿವರಿಸಬೇಕಿಲ್ಲ. ಅಷ್ಟು ಖಚಿತವಾದ ಪದವೇ ನನಗೆ ಬೇಕಾಗಿದೆ. ಸದ್ಯಕ್ಕೆ ‘ಪರರ ಮೇಲಿನ ಹೊರೆ’ ಎಂದು ಬರೆದಿಟ್ಟಿದ್ದೇನೆ, ಆದರೆ ತೃಪ್ತಿಯಿಲ್ಲ.

ಕಾರವಾರ, ಅಂಕೋಲಾ ಕಡೆಯ ಗದ್ದೆ, ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಹೋದ ನೀರಿಗೂ ಮರಳುವ ನೀರಿಗೂ ಬೇರೆ ಮಾತುಗಳಿದ್ದರೆ, ಅವನ್ನು ಬಳಸುವ ಒಂದೆರಡು ವಾಕ್ಯಗಳ ಸಮೇತ ತಿಳಿಸಬೇಕೆಂದು ಕೋರುತ್ತೇನೆ.