ಎರಡನೇ ಏರ್‌ಪೋರ್ಟ್: ನಮ್ಮಪ್ಪ ತೆಂಗಿನ ಸಸಿ ನೆಡಬೇಕಾ, ಬೇಡ್ವಾ?

ಹಾರೋಹಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಗೆ ಸ್ವಲ್ಪ ಮುಂಚೆ ನಮ್ಮದು ಮೂರೂವರೆ ಎಕರೆ ಜಮೀನಿದೆ. ಎರಡು ಎಕರೆಯಲ್ಲಿ ಹಿಪ್ಪುನೇರಳೆ, ಉಳಿದದ್ದರಲ್ಲಿ ರಾಗಿ. ಅಪ್ಪನಿಗೆ ಈಗ ಅರವತ್ತಾರು. ರೇಷ್ಮೆ ಹುಳ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹೊತ್ತು ಹೊತ್ತಿಗೂ ಸೊಪ್ಪು ಕೊಯ್ದು ಹಾಕುವ ಶಕ್ತಿ ಇಲ್ಲ ಅಂತ ಹಿಪ್ಪುನೇರಳೆ ಕಿತ್ತು ತೆಂಗು ಹಾಕಲು ಹೊರಟಿದ್ದಾರೆ. ನೂರಿಪ್ಪತ್ತು ಸಸಿಗೆ ನರ್ಸರಿಯಲ್ಲಿ ಮುಂಗಡವನ್ನೂ ಕೊಟ್ಟು ಬಂದರು.

ಅಷ್ಟರಲ್ಲಿ ಈ ಏರ್‌ಪೋರ್ಟ್ ಸುದ್ದಿ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಸರ್ಕಾರ ಮೂರು ಜಾಗ ಗುರುತಿಸಿದೆ. ಎರಡು ನಮ್ಮ ಕನಕಪುರ ರಸ್ತೆಯಲ್ಲಿ, ಚೂಡಹಳ್ಳಿ ಮತ್ತು ಸೋಮನಹಳ್ಳಿ. ಇನ್ನೊಂದು ನೆಲಮಂಗಲ–ಕುಣಿಗಲ್ ದಾರಿಯಲ್ಲಿ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ಅವತ್ತಿನಿಂದ ನಮ್ಮೂರ ಟೀ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಸರ್ವೆ ನಂಬರ್ ಒಳಗೋ ಹೊರಗೋ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ನಕ್ಷೆ, ಎಲ್ಲವೂ ವಾಟ್ಸಾಪ್‌ನಲ್ಲಿ ಬಂದದ್ದು.

ತೆಂಗು ಫಸಲು ಕೊಡಲು ಆರೇಳು ವರ್ಷ ಬೇಕು. ನೆಟ್ಟು ಬೆಳೆಸಿದ ಮೇಲೆ ಬುಲ್ಡೋಜರ್ ಬಂದರೆ?

ನನಗೆ ಅರ್ಥವಾಗದ್ದು ಇನ್ನೊಂದಿದೆ. ದೇವನಹಳ್ಳಿಯಲ್ಲಿ 2019ರಲ್ಲಿ ಎರಡನೇ ರನ್‌ವೇ ಆಯ್ತು. ಬಿದಿರಿನ ಎರಡನೇ ಟರ್ಮಿನಲ್ ಶುರುವಾಗಿ ಇನ್ನೂ ಎಷ್ಟು ದಿನ ಆಯ್ತು? ಹೋದ ತಿಂಗಳು ಪುಣೆಗೆ ಹೋಗುವಾಗ ನೋಡಿದೆ, ಮಧ್ಯಾಹ್ನ ಎರಡು ಗಂಟೆಗೆ ಅರ್ಧ ಕುರ್ಚಿ ಖಾಲಿ. ಹಾಗಿರುವಾಗ ಇನ್ನೊಂದು ಯಾಕೆ? ಇದು ಬರೀ ರಿಯಲ್ ಎಸ್ಟೇಟ್ ಆಟವಾ? ತಿಳಿದವರು ಹೇಳಿ.

ಸುಮ್ನೆ ಓದುವವ

ಆಟವೇ ಸ್ವಾಮಿ. ನಮ್ಮ ನೆಂಟರೊಬ್ಬರು ಈಗಾಗಲೇ “ಏರ್‌ಪೋರ್ಟ್ ವ್ಯೂ” ಅಂತ ಬೋರ್ಡ್ ಹಾಕಿದ ಲೇಔಟ್‌ನಲ್ಲಿ ಸೈಟ್ ತಗೊಂಡಿದ್ದಾರೆ. ಏರ್‌ಪೋರ್ಟೂ ಇಲ್ಲ, ವ್ಯೂ ಕೂಡ ಇಲ್ಲ, ಮುಂದೆ ಒಂದು ಇಟ್ಟಿಗೆ ಗೂಡು ಇದೆ.

ಹಳೇ ರ‍್ಯಾಂಪ್ ಮೇಸ್ತ್ರಿ

ತಮ್ಮಾ, ನಾನು ಗ್ರೌಂಡ್ ಹ್ಯಾಂಡ್ಲಿಂಗ್‌ನಲ್ಲಿ, ಅಂದರೆ ವಿಮಾನ ನಿಲ್ಲುವ ಅಂಗಳದಲ್ಲಿ (ಅದೇ ರ‍್ಯಾಂಪ್) ಲಗೇಜ್, ಏಣಿ ನೋಡಿಕೊಳ್ಳುವ ಕೆಲಸದಲ್ಲಿ, ಮೂವತ್ತನಾಲ್ಕು ವರ್ಷ ಇದ್ದವನು. ಮೊದಲು ಊರೊಳಗಿನ ಹಳೇ ಎಚ್‌ಎಎಲ್ ಏರ್‌ಪೋರ್ಟ್, ಆಮೇಲೆ ದೇವನಹಳ್ಳಿ. ಲಗೇಜ್ ಹೇರುವುದರಿಂದ ಶುರು ಮಾಡಿ ಶಿಫ್ಟ್ ನೋಡಿಕೊಳ್ಳುವವರೆಗೆ ಬಂದೆ. ನಕ್ಷೆ ಬರೆದವನಲ್ಲ. ಆದರೆ ಬರೆದ ನಕ್ಷೆ ಸಾಲದೇ ಹೋದಾಗ ಏನಾಗುತ್ತೆ ಅನ್ನುವುದನ್ನು ಕೆಳಗೆ ನಿಂತು ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ನೀವು ನೋಡಿದ ಖಾಲಿ ಕುರ್ಚಿ. ಮದುವೆ ಛತ್ರ ಮಧ್ಯಾಹ್ನ ಮೂರೂವರೆಗೆ ಹೇಗಿರುತ್ತೆ? ಎಲೆ ಎತ್ತುವವರು, ಮಲಗಿದ ಅಜ್ಜ, ಅಷ್ಟೇ. ಅದನ್ನು ನೋಡಿ ಇಷ್ಟು ದೊಡ್ಡ ಛತ್ರ ಯಾಕೆ ಅಂತ ಕೇಳ್ತೀರಾ? ಛತ್ರದ ಅಳತೆ ಗೊತ್ತಾಗುವುದು ಮುಹೂರ್ತ ಮುಗಿದು ಜನ ಮೊದಲ ಪಂಕ್ತಿಗೆ ನುಗ್ಗಿದಾಗ. ಏರ್‌ಪೋರ್ಟಿನ ಮೊದಲ ಪಂಕ್ತಿ ಬೆಳಿಗ್ಗೆ ಐದರಿಂದ ಎಂಟು. ರಾತ್ರಿ ಬಂದು ನಿಂತ ವಿಮಾನಗಳೆಲ್ಲ ಆಗಲೇ ಹೊರಡಬೇಕು, ಯಾಕಂದರೆ ಆಫೀಸಿನವರು ಹತ್ತು ಗಂಟೆಗೆ ಮುಂಬೈಯಲ್ಲೋ ದೆಹಲಿಯಲ್ಲೋ ಇರಬೇಕು. ಬೇ (ವಿಮಾನ ನಿಲ್ಲಿಸುವ ಜಾಗ) ಎಷ್ಟು ಬೇಕು, ಎಕ್ಸ್‌ರೇ ಯಂತ್ರ ಎಷ್ಟು ಬೇಕು ಅನ್ನುವುದೆಲ್ಲ ಆ ಮೂರು ಗಂಟೆಯ ಲೆಕ್ಕ. ಡಿಸೆಂಬರ್–ಜನವರಿಯಲ್ಲಿ ದೇವನಹಳ್ಳಿಯ ಮಂಜು ಅದೇ ಹೊತ್ತಿಗೆ ಇಳಿಯುತ್ತೆ. ಒಂದು ಗಂಟೆ ತಡವಾಯ್ತು ಅಂದರೆ ಮಧ್ಯಾಹ್ನದವರೆಗೂ ಅದರ ಬಾಲ ಎಳೆಯಬೇಕು. ಒಂದ್ಸಲ ಬೆಳಿಗ್ಗೆ ಐದಕ್ಕೆ ಹೋಗಿ ನೋಡಿ, ಆಮೇಲೆ ಮಾತಾಡೋಣ.

ಎರಡನೆಯದು, ಬೆಂಗಳೂರಿನ ವಿಷಯದಲ್ಲಿ ಯಾರ ಅಂದಾಜೂ ಉಳಿದಿಲ್ಲ. ಎಚ್‌ಎಎಲ್‌ನಲ್ಲಿ ಕೊನೆಯ ವರ್ಷ ಸುಮಾರು ಒಂದು ಕೋಟಿ ಜನ ಓಡಾಡಿದರು. ಕಟ್ಟಡ ಇದ್ದದ್ದು ಅದರ ಮೂರನೇ ಒಂದು ಭಾಗಕ್ಕೆ. ಬೆಲ್ಟ್‌ನ ಮೇಲೆ ಜಾಗ ಇಲ್ಲದೆ ನಾವು ಸೂಟ್‌ಕೇಸ್‌ಗಳನ್ನು ಕೆಳಗಿಳಿಸಿ ಸಾಲಾಗಿ ಜೋಡಿಸುತ್ತಿದ್ದೆವು, ಥೇಟ್ ಸಂತೆಯಲ್ಲಿ ಕುಂಬಳಕಾಯಿ ಇಟ್ಟ ಹಾಗೆ. ಒಂದೇ ರನ್‌ವೇ. ಅದರ ಮೇಲೆಯೇ ಎಚ್‌ಎಎಲ್‌ನ ಪರೀಕ್ಷಾ ಹಾರಾಟ. ಅಗಲಿಸೋಣ ಅಂದರೆ ಸುತ್ತಲೂ ಊರು.

2008ರ ಮೇ 23ರ ರಾತ್ರಿ ಅಂಗಡಿ ಮುಚ್ಚಿದೆವು. ಏಣಿ, ಟ್ರಾಲಿ, ಎಳೆಯುವ ಟ್ರ್ಯಾಕ್ಟರ್ ಎಲ್ಲ ಲಾರಿಗೆ ಹೇರಿ ಬಳ್ಳಾರಿ ರಸ್ತೆ ಹಿಡಿದದ್ದು ನೆನಪಿದೆ. ಹೆಬ್ಬಾಳ ದಾಟುವಾಗ ನಮ್ಮ ಡ್ರೈವರ್ “ಇಷ್ಟು ದೂರ ಯಾವನ್ ಬರ್ತಾನೆ ವಿಮಾನ ಹತ್ತೋಕೆ” ಅಂದ. ಬಂದರು, ಎಲ್ಲರೂ ಬಂದರು! ಆ ಹೊಸ ನಿಲ್ದಾಣದ ಮೊದಲ ನಕ್ಷೆ ಇದ್ದದ್ದು ವರ್ಷಕ್ಕೆ ಅರ್ಧ ಕೋಟಿಗೂ ಕಡಿಮೆ ಜನರಿಗೆ. ಕಟ್ಟುತ್ತಿರುವಾಗಲೇ ಸಾಲದು ಅಂತ ತಿಳಿದು ಒಂದು ಕೋಟಿ ದಾಟಿಸಿದರು. ಐದೇ ವರ್ಷದಲ್ಲಿ, 2013ರ ಡಿಸೆಂಬರ್‌ಗೆ, ಅದನ್ನೂ ಹಿಗ್ಗಿಸಬೇಕಾಯಿತು. 2024–25ರಲ್ಲಿ ಓಡಾಡಿದವರು ನಾಲ್ಕು ಕೋಟಿಗೂ ಜಾಸ್ತಿ.

ಹಾಗಂತ ಗೆರೆ ಯಾವಾಗಲೂ ಮೇಲೇ ಹೋಗುತ್ತೆ ಅಂದುಕೊಳ್ಳಬೇಡಿ. 2019–20ರಲ್ಲಿ 3.2 ಕೋಟಿ ಇತ್ತು. ಮರುವರ್ಷ ಕೊರೊನಾ, ಸುಮಾರು 1.1 ಕೋಟಿಗೆ ಬಿತ್ತು. ರ‍್ಯಾಂಪ್ ಮೇಲೆ ಸಾಲಾಗಿ ನಿಂತ ವಿಮಾನಗಳ ಎಂಜಿನ್ ಬಾಯಿಗೆಲ್ಲ ಮುಚ್ಚಳ. ನವಿಲು ಬಂದು ಓಡಾಡುತ್ತಿತ್ತು. ಆ ವರ್ಷ ಯಾರಾದರೂ ದೊಡ್ಡ ಸಾಲ ಮಾಡಿ ಇಡೀ ಏರ್‌ಪೋರ್ಟ್ ಕಟ್ಟಿ ಮುಗಿಸಿದ್ದರೆ ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು.

ನನಗೆ ಅನ್ನಿಸುವುದು ಇಷ್ಟು: ಜಾಗವನ್ನು ಬೇಗ ಗೊತ್ತು ಮಾಡಬೇಕು, ಕಟ್ಟಡವನ್ನು ಎಷ್ಟಾದರೆ ಅಷ್ಟು ತಡವಾಗಿ, ತುಂಡು ತುಂಡಾಗಿ ಕಟ್ಟಬೇಕು. ಟರ್ಮಿನಲ್‌ಗೆ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಬಹುದು. ಬೇ ಸೇರಿಸಬಹುದು. ರನ್‌ವೇಯನ್ನು ಆಮೇಲೆ ತುರುಕಲು ಆಗುವುದಿಲ್ಲ. ನಾಲ್ಕು ಕಿಲೋಮೀಟರ್ ಉದ್ದದ ಪಟ್ಟಿ, ಎರಡೂ ತುದಿಯಲ್ಲಿ ಖಾಲಿ ಜಾಗ, ಅದರಾಚೆಗೂ ಎತ್ತರದ ಕಟ್ಟಡ ಏಳಬಾರದು. ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆ ಮೊದಲೇ ಹಿಡಿದದ್ದಕ್ಕೆ ಎರಡನೇ ರನ್‌ವೇ ಸಾಧ್ಯವಾಯಿತು. ಮುಂಬೈ ನೋಡಿ. ಎರಡು ರನ್‌ವೇ ಇದ್ದರೂ ಒಂದನ್ನೊಂದು ಕತ್ತರಿ ಹಾಕಿವೆ, ಒಂದು ಹೊತ್ತಿಗೆ ಒಂದೇ ಉಪಯೋಗ. ಆಚೀಚೆ ಸರಿಯಲು ಜಾಗವಿಲ್ಲ. ನವಿ ಮುಂಬೈ ಬೇಕು ಅಂತ 1997ರಲ್ಲೇ ಮಾತು ಶುರುವಾಯಿತು, ಉದ್ಘಾಟನೆ ಆದದ್ದು 2025ರ ಅಕ್ಟೋಬರ್‌ನಲ್ಲಿ. ಇಪ್ಪತ್ತೆಂಟು ವರ್ಷ!

ನಮ್ಮಲ್ಲಿ ಇನ್ನೊಂದು ಗಂಟು ಇದೆ. ದೇವನಹಳ್ಳಿ ನಿಲ್ದಾಣದ ಜೊತೆ 2004ರಲ್ಲಿ ಮಾಡಿದ ಒಪ್ಪಂದದ ಪ್ರಕಾರ, ಅದು ಶುರುವಾಗಿ 25 ವರ್ಷ ಆಗುವವರೆಗೆ 150 ಕಿಲೋಮೀಟರ್ ಒಳಗೆ ಬೇರೆ ಏರ್‌ಪೋರ್ಟ್‌ಗೆ ಅವಕಾಶ ಇಲ್ಲ. ಮೈಸೂರು, ಹಾಸನ ಮಾತ್ರ ಬಿಟ್ಟು. ಅಂದರೆ 2033ರ ಮೇವರೆಗೆ. ತಮಿಳುನಾಡು 2024ರಲ್ಲಿ ಹೊಸೂರಿಗೆ 2,000 ಎಕರೆಯ ಏರ್‌ಪೋರ್ಟ್ ಘೋಷಿಸಿತಲ್ಲ, ಅದಕ್ಕೂ ಇದೇ ತೊಡಕು. ಆ ಗಡುವು ಇನ್ನೂ ದೂರ ಇದೆಯಲ್ಲ ಅಂತ ಸುಮ್ನೆ ಕೂತರೆ 2033ರಲ್ಲಿ ಜಾಗ ಹುಡುಕಬೇಕು, ಆಗ ನಿಮ್ಮ ಹಾರೋಹಳ್ಳಿವರೆಗೂ ಅಪಾರ್ಟ್‌ಮೆಂಟ್ ಎದ್ದಿರುತ್ತೆ.

ಕೊನೆಗೆ ನನ್ನದೇ ಒಂದು ಹೊಟ್ಟೆ ಉರಿ. ಎಲ್ಲ ಲೆಕ್ಕ ಹಾಕಿದವರು ದಾರಿಯ ಲೆಕ್ಕ ಮರೆತರು. ಜಯನಗರದಿಂದ ಐದರ ಶಿಫ್ಟ್‌ಗೆ ನಾನು ಎರಡೂವರೆಗೆ ಏಳುತ್ತಿದ್ದೆ. ಏರ್‌ಪೋರ್ಟ್ ಹತ್ತಿರದ ಹಾಲ್ಟ್ ಸ್ಟೇಷನ್‌ನಲ್ಲಿ ರೈಲು ನಿಲ್ಲಲು ಶುರುವಾದದ್ದೇ 2021ರಲ್ಲಿ. ಮೆಟ್ರೊ ಕಂಬ ನೋಡುತ್ತಲೇ ನಾನು ರಿಟೈರ್ ಆದೆ. ನಿಮ್ಮ ಕಡೆ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಮೆಟ್ರೊ ಆಗಲೇ ಇದೆ. ಜಾಗ ಆರಿಸುವವರು ಅದನ್ನು ಮೊದಲು ನೋಡಲಿ.

ಚಕ್ಕೋತ

ಮೇಸ್ತ್ರಿ ಸರ್ ರನ್‌ವೇ ಒಳಗಿನಿಂದ ಹೇಳಿದರು. ನಾನು ಬೇಲಿ ಹೊರಗಿನವಳು. ನಮ್ಮದು ದೇವನಹಳ್ಳಿ ತಾಲ್ಲೂಕು. ಅಜ್ಜನ ಕಾಲದಲ್ಲಿ ದ್ರಾಕ್ಷಿ ಚಪ್ಪರ ಇತ್ತು, ಬೆಂಗಳೂರು ಬ್ಲೂ. ಬಾವಿ ಪಕ್ಕ ಎರಡು ಚಕ್ಕೋತ ಮರ.

ಏರ್‌ಪೋರ್ಟ್ ನಮ್ಮ ಜಮೀನು ತಗೊಳ್ಳಲಿಲ್ಲ. ತಗೊಳ್ಳುತ್ತೆ ಅನ್ನುವ ಸುದ್ದಿ ತಗೊಂಡಿತು. ಬಿಳಿ ಕಾರಿನಲ್ಲಿ ಬಂದವನೊಬ್ಬ “ಸರ್ಕಾರ ಕಾಸು ಕೊಡಲ್ಲ, ಈಗಲೇ ಮಾರಿಬಿಡಿ” ಅಂತ ಹೆದರಿಸಿದ. ನಮ್ಮ ದೊಡ್ಡಪ್ಪ ಮಾರಿದರು. ಆ ದುಡ್ಡಲ್ಲಿ ಒಂದು ಮನೆ, ಒಂದು ಸುಮೋ, ಎರಡು ಮದುವೆ. ಹತ್ತು ವರ್ಷದಲ್ಲಿ ಸುಮೋನೂ ಇಲ್ಲ. ದೊಡ್ಡಪ್ಪನ ಮಗ ಈಗ ಅದೇ ಜಮೀನಿನ ಮೇಲಿನ ಗೋದಾಮಿನಲ್ಲಿ ಸೆಕ್ಯೂರಿಟಿ.

ಇನ್ನೊಂದು ವಿಷಯ. ಏರ್‌ಪೋರ್ಟ್ ಒಂದೇ ಸಲ ಬರುವುದಿಲ್ಲ. ಹಿಂದೆ ರಸ್ತೆ, ಹೋಟೆಲ್, ಪಾರ್ಕ್ ಅಂತ ಬರುತ್ತಲೇ ಇರುತ್ತೆ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಏರೋಸ್ಪೇಸ್ ಪಾರ್ಕ್‌ಗೆ ಅಂತ ಹೊರಟಾಗ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಕೈಬಿಟ್ಟಿತು. ಗೆದ್ದರು, ಸರಿ. ಆದರೆ ಆ ಮೂರು ವರ್ಷ ಬೋರ್ ಕೊರೆಸೋದಾ ಬೇಡ್ವಾ, ಮನೆಗೆ ಇನ್ನೊಂದು ರೂಮ್ ಹಾಕೋದಾ ಬೇಡ್ವಾ ಅಂತ ತ್ರಿಶಂಕು ಆಗಿದ್ದರಲ್ಲ, ಅದನ್ನು ಯಾರು ಲೆಕ್ಕ ಹಾಕುತ್ತಾರೆ? ಬೇಗ ಜಾಗ ಗೊತ್ತು ಮಾಡಿ ಅನ್ನುವ ಮೇಸ್ತ್ರಿ ಸರ್ ಮಾತು ಸರಿ. ಉಳಿದ ಎರಡು ಜಾಗ ಬೇಡ ಅಂತ ಅಷ್ಟೇ ಬೇಗ ಬರೆದೂ ಕೊಡಬೇಕು.

ತಮ್ಮ, ಯಾರೇ ಬಂದು ಹೆದರಿಸಿದರೂ ಅಗ್ರಿಮೆಂಟ್‌ಗೆ ಸಹಿ ಹಾಕಬೇಡಿ.

ಮಾಂಟ್ರಿಯಲ್‌ನಿಂದ

ಮೇಸ್ತ್ರಿಗಳ ಮಾತಿಗೆ ಇಲ್ಲಿನ ಒಂದು ಕಥೆ ಸೇರಿಸುತ್ತೇನೆ. ಇಲ್ಲಿನ ಸರ್ಕಾರದವರು 1969ರಲ್ಲಿ ಮಿರಾಬೆಲ್ ಅನ್ನುವ ಕಡೆ ಏರ್‌ಪೋರ್ಟ್‌ಗೆ ಅಂತ ಸುಮಾರು 97,000 ಎಕರೆ ವಶ ಮಾಡಿಕೊಂಡರು. ಹೌದು, ಸೊನ್ನೆ ಜಾಸ್ತಿ ಬಿದ್ದಿಲ್ಲ. ಹಾಲು ಕರೆಯುವ ರೈತರ ಊರುಗಳೇ ಖಾಲಿಯಾದವು. 1975ರಲ್ಲಿ ತೆರೆದರು. ಆದರೆ ಊರಿಗೆ ಹತ್ತಿರದ ಹಳೆಯ ಡೋರ್ವಲ್ ನಿಲ್ದಾಣವನ್ನು ಮುಚ್ಚಲಿಲ್ಲ. ದೇಶದೊಳಗಿನ ವಿಮಾನ ಅಲ್ಲಿ, ವಿದೇಶದ್ದು ಇಲ್ಲಿ. ನಡುವೆ ರೈಲು ಹಾಕುತ್ತೇವೆ ಅಂದವರು ಹಾಕಲೇ ಇಲ್ಲ. ವಿಮಾನ ಬದಲಿಸಬೇಕಾದ ಪ್ರಯಾಣಿಕರು ಈ ಕಾಟವೇ ಬೇಡ ಅಂತ ಟೊರಾಂಟೊ ಹಿಡಿದರು. 2004ರ ಅಕ್ಟೋಬರ್‌ಗೆ ಮಿರಾಬೆಲ್‌ನಲ್ಲಿ ಪ್ರಯಾಣಿಕರ ಹಾರಾಟವೇ ನಿಂತಿತು. 2014ರಲ್ಲಿ ಟರ್ಮಿನಲ್ ಒಡೆಯಲು ಶುರು ಮಾಡಿದರು, ಕಾರಿನಲ್ಲಿ ಹೋಗುವಾಗ ನಾನೇ ನೋಡಿದೆ. ತಗೊಂಡ ಜಮೀನಿನ ಬಹುಪಾಲನ್ನು ಆಗಲೇ ವಾಪಸ್ ಮಾರಿದ್ದರು. ಈಗ ಅಲ್ಲಿ ಸರಕು ವಿಮಾನ ಇಳಿಯುತ್ತವೆ, ಏರ್‌ಬಸ್ ಎ220 ತಯಾರಾಗುತ್ತೆ. ಹತ್ತಲು ಮಾತ್ರ ಯಾರೂ ಹೋಗುವುದಿಲ್ಲ.

ಹಾರೋಹಳ್ಳಿ ಹುಡುಗ

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಛತ್ರದ ಮಾತಿಗೆ ನಕ್ಕರು. ಮಾಂಟ್ರಿಯಲ್ ಕಥೆ ಎರಡು ಸಲ ಓದಿಸಿದರು. “ವಾಪಸ್ ಕೊಟ್ಟರಂತಾ? ಹಸು ಯಾರು ವಾಪಸ್ ಕೊಟ್ಟರು?” ಅಂದರು.

ಮೇಸ್ತ್ರಿ ಸರ್, ಬೇಕು ಅನ್ನುವುದು ಈಗ ಒಪ್ಪಿಗೆ. ಆದರೆ ಸಸಿ ಪ್ರಶ್ನೆ ಹಾಗೇ ಉಳೀತು.

ಹಳೇ ರ‍್ಯಾಂಪ್ ಮೇಸ್ತ್ರಿ

ನೆಡಲಿ ತಮ್ಮಾ. ನೋಟಿಸ್ ಕೈಗೆ ಬರುವವರೆಗೆ ಜಮೀನು ನಿಮ್ಮದು. ಬಂದರೂ ಪರಿಹಾರದಲ್ಲಿ ಮರಗಳಿಗೆ ಬೇರೆ ಬೆಲೆ ಕಟ್ಟುತ್ತಾರೆ. ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಬೆಳೆ ಸಮೀಕ್ಷೆಯವರು ಬಂದಾಗ ತೆಂಗು ಅಂತಲೇ ಬರೆಸಿ, ಪಹಣಿಯಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳಿ. ಎಷ್ಟೋ ಜನರ ಪಹಣಿಯಲ್ಲಿ ಇನ್ನೂ ಅಜ್ಜನ ರಾಗಿಯೇ ಇರುತ್ತೆ. ಅಪ್ಪನನ್ನು ಸಸಿ ಪಕ್ಕ ನಿಲ್ಲಿಸಿ ಫೋಟೊ ತೆಗೆದಿಡಿ.

ಹಾರೋಹಳ್ಳಿ ಹುಡುಗ

ಪಹಣಿ ತೆಗೆಸಿ ನೋಡಿದೆ ಸರ್. ನಿಜ, ಇಡೀ ಜಮೀನಿಗೂ ರಾಗಿ ಅಂತಲೇ ಇದೆ. ನಾಳೆ ಗ್ರಾಮ ಲೆಕ್ಕಿಗರ ಹತ್ತಿರ ಹೋಗ್ತೀನಿ.

ಅಪ್ಪ ಒಂದು ಎಕರೆ ಹಿಪ್ಪುನೇರಳೆ ಹಾಗೇ ಬಿಟ್ಟು ಇನ್ನೊಂದು ಎಕರೆಗೆ ಮಾತ್ರ ತೆಂಗು ಅಂತ ತೀರ್ಮಾನ ಮಾಡಿದರು. ನೂರಿಪ್ಪತ್ತರಲ್ಲಿ ಅರವತ್ತು ಸಸಿ ತಂದಾಯ್ತು. ಗುಂಡಿ ತೋಡುವವರು ಇವತ್ತು ಬೆಳಿಗ್ಗೆ ಬಂದರು. ಉಳಿದ ಅರವತ್ತರ ಮುಂಗಡ ವಾಪಸ್ ಕೊಡಲ್ಲ ಅಂತಾನೆ ನರ್ಸರಿಯವನು, ಅದರ ಜಗಳ ನಡೀತಿದೆ.