ರೈಫಲ್ ಸ್ಟಾಕ್‌ಗೆ ಯಾವ ಬೆಡ್ಡಿಂಗ್ ಎಪಾಕ್ಸಿ? ಮಾಡಿದವರು ಹೇಳಿ

ಪ್ರಶ್ನೆ: ನನ್ನದು ಬೋಲ್ಟ್ ಆ್ಯಕ್ಷನ್ ರೈಫಲ್, ಮರದ ಸ್ಟಾಕ್ (ಕೈಯಲ್ಲಿ ಹಿಡಿಯುವ ಮರದ ಭಾಗ). ಬಿಚ್ಚಿ ಕ್ಲೀನ್ ಮಾಡಿ ಮತ್ತೆ ಜೋಡಿಸಿದಾಗಲೆಲ್ಲ ಗುಂಡು ಬೀಳುವ ಜಾಗ ಬದಲಾಗುತ್ತದೆ. ಬೆಡ್ಡಿಂಗ್ ಮಾಡಬೇಕು, ಅಂದರೆ ಆ್ಯಕ್ಷನ್ (ಬೋಲ್ಟ್, ಟ್ರಿಗರ್ ಕೂರುವ ಲೋಹದ ಭಾಗ) ಅಲುಗದ ಹಾಗೆ ಸ್ಟಾಕ್ ಒಳಗಿನ ಸಂದಿಗೆ ಎಪಾಕ್ಸಿ (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿ ಕೂರಿಸಬೇಕು ಅಂದರು. ನಾನೇ ಮಾಡೋಣ ಅಂತಿದ್ದೇನೆ. ಆಕ್ರಾಗ್ಲಾಸ್, ಮರೀನ್-ಟೆಕ್ಸ್, ಡೆವ್‌ಕಾನ್, ಜೆಬಿ ವೆಲ್ಡ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊದಲ ಸಲ ಮಾಡುವವರಿಗೆ ಯಾವುದು ಸರಿ?

ಉತ್ತರ 1: ಮೊದಲ ಸಲ ಅಂದರೆ ಮರೀನ್-ಟೆಕ್ಸ್ ಬೂದು ಬಣ್ಣದ್ದು ತಗೊಳ್ಳಿ, ಇಲ್ಲವೇ ಆಕ್ರಾಗ್ಲಾಸ್ ಜೆಲ್. ಎರಡೂ ಇಟ್ಟ ಜಾಗದಲ್ಲೇ ನಿಲ್ಲುತ್ತವೆ, ಹರಿಯುವುದಿಲ್ಲ. ಬರೀ ಆಕ್ರಾಗ್ಲಾಸ್ ಅಂತ ಬರುವುದು ಬೇರೆ. ಅದು ಜೇನಿನ ಹಾಗೆ ಹರಿಯುತ್ತದೆ. ಮರದ ಬಿರುಕಿಗೆ ಇಳಿಸಲು ಚೆನ್ನಾಗಿದೆ. ಆದರೆ ಬೆಡ್ಡಿಂಗ್‌ಗೆ ಹಾಕಿದರೆ ಸ್ಕ್ರೂ ತೂತು, ಟ್ರಿಗರ್ ಜಾಗ ಎಲ್ಲ ಕಡೆಗೂ ಹೋಗಿ ಕೂರುತ್ತದೆ. ಡಬ್ಬಿಯ ಮೇಲೆ ಜೆಲ್ ಅಂತ ಇದೆಯಾ ನೋಡಿಯೇ ತಗೊಳ್ಳಿ.

ಗಟ್ಟಿಯಾದ ಮೇಲೆ ಯಾವುದು ಎಷ್ಟು ಬಲ ಅಂತ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಹೇಳಿದ ನಾಲ್ಕೂ ಈ ಕೆಲಸಕ್ಕೆ ಸಾಕಷ್ಟು ಬಲ ಇರುವಂಥವೇ. ನೋಡಬೇಕಾದ್ದು ಮೂರು ವಿಷಯ: ಹರಿಯಬಾರದು, ಕುಗ್ಗಬಾರದು, ಆ್ಯಕ್ಷನ್ ಕೂರಿಸಿ ಸರಿಮಾಡುವಷ್ಟು ಹೊತ್ತು ಮೆತ್ತಗಿರಬೇಕು.

ರಾಳ ಎಷ್ಟು, ಹಾರ್ಡ್ನರ್ (ಗಟ್ಟಿ ಮಾಡುವ ಭಾಗ) ಎಷ್ಟು ಅನ್ನುವ ಅಳತೆಯಲ್ಲಿ ಹುಷಾರು. ಆಕ್ರಾಗ್ಲಾಸ್ ಜೆಲ್ 1:1, ಹಾಗಾಗಿ ಸುಲಭ. ಹರಿಯುವ ಆಕ್ರಾಗ್ಲಾಸ್ 4:1. ಡೆವ್‌ಕಾನ್ ಪ್ಲಾಸ್ಟಿಕ್ ಸ್ಟೀಲ್ ಪುಟ್ಟಿ ಗಾತ್ರದಲ್ಲಿ 2.5:1, ತೂಕದಲ್ಲಿ 9:1. ಗಾತ್ರದ ಲೆಕ್ಕ ಹಿಡಿದು ತಕ್ಕಡಿಯಲ್ಲಿ ತೂಗಿದರೆ ಹಾರ್ಡ್ನರ್ ಮೂರು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ, ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಡಬ್ಬಿಯ ಮೇಲಿರುವುದು ಯಾವ ಲೆಕ್ಕ ಅಂತ ಓದಿ, ಅದೇ ಲೆಕ್ಕದಲ್ಲಿ ಅಳೆಯಿರಿ. ಕಲಸುವಾಗ ಪಾತ್ರೆಯ ಅಂಚು, ಮೂಲೆ ಎಲ್ಲ ಕೆರೆದು ಕಲಸಬೇಕು. ಗಾಳಿ ಗುಳ್ಳೆ ಬರದ ಹಾಗೆ ನಿಧಾನಕ್ಕೆ ಕಲಸಿ.

ಇನ್ನು ರಿಲೀಸ್ ಏಜೆಂಟ್, ಅಂದರೆ ಎಪಾಕ್ಸಿ ಲೋಹಕ್ಕೆ ಅಂಟದ ಹಾಗೆ ಹಚ್ಚುವುದು. ನನ್ನನ್ನು ಕೇಳಿದರೆ ಎಪಾಕ್ಸಿಗಿಂತ ಇದೇ ಮುಖ್ಯ. ಬಣ್ಣವಿಲ್ಲದ ಶೂ ಪಾಲಿಶ್, ಪೇಸ್ಟ್ ಮೇಣ ಎರಡೂ ನಡೆಯುತ್ತವೆ. ತೆಳುವಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ. ಆ್ಯಕ್ಷನ್, ಬ್ಯಾರೆಲ್‌ನ ಬುಡ, ಸ್ಕ್ರೂಗಳ ಎಳೆ, ಯಾವುದನ್ನೂ ಬಿಡಬೇಡಿ.

ಆದರೆ ಮೇಣ ಎಷ್ಟೇ ಹಚ್ಚಿದರೂ ಒಂದು ಕಡೆ ಉಳಿಸುವುದಿಲ್ಲ. ಆ್ಯಕ್ಷನ್‌ನಲ್ಲಿ ಪಿನ್ ತೂತು, ಟ್ರಿಗರ್ ಕೂರುವ ಸಂದು, ಬೋಲ್ಟ್ ಸ್ಟಾಪ್‌ನ ಕಚ್ಚು ಇರುತ್ತವಲ್ಲ, ಅಲ್ಲಿ ಎಪಾಕ್ಸಿ ಒಳಗೆ ಹೋಗಿ ಗಟ್ಟಿಯಾದರೆ ಬೀಗ ಹಾಕಿದಂತೆ. ಆಮೇಲೆ ಸ್ಟಾಕ್ ಒಡೆಯದೆ ಬಿಚ್ಚಲು ಆಗುವುದಿಲ್ಲ. ಅಂಥ ಪ್ರತಿ ಕುಳಿಗೂ ಮಕ್ಕಳು ಆಡುವ ಮೇಣದ ಮಣ್ಣು ತುಂಬಿ, ಬ್ಲೇಡಿನಿಂದ ಮಟ್ಟ ಮಾಡಿ. ಮುಗಿದ ಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ ಸುತ್ತ ನೋಡಿ.

ರಿಕಾಯಿಲ್ ಲಗ್‌ನ (ಒದೆ ತಡೆಯಲು ಆ್ಯಕ್ಷನ್ ಕೆಳಗೆ ಚಾಚಿರುವ ಲೋಹದ ಗಟ್ಟಿ) ಮುಂದೆ, ಎರಡು ಪಕ್ಕ ಮತ್ತು ತಳಕ್ಕೆ ಟೇಪ್ ಅಂಟಿಸಿ. ಹಿಂಬದಿಗೆ ಮಾತ್ರ ಟೇಪ್ ಬೇಡ, ಬರೀ ಮೇಣ ಸಾಕು. ಗುಂಡು ಹೊಡೆದಾಗ ಒದೆ ತಗೊಳ್ಳುವುದು ಆ ಹಿಂಬದಿ, ಅದು ಎಪಾಕ್ಸಿಗೆ ಪೂರ್ತಿ ತಾಗಿಕೊಂಡು ನಿಲ್ಲಬೇಕು. ಉಳಿದ ಕಡೆ ಟೇಪಿನಷ್ಟು ಸಂದು ಇದ್ದರೆ ಆ್ಯಕ್ಷನ್ ಸಲೀಸಾಗಿ ಎದ್ದು ಬರುತ್ತದೆ, ತಳದಲ್ಲಿ ಚೂರು ಕಸ ಕೂತರೂ ಆ್ಯಕ್ಷನ್‌ನ ಎತ್ತಿ ಹಿಡಿಯುವುದಿಲ್ಲ.

ಕೂರಿಸುವಾಗ ಸ್ಕ್ರೂ ಬಿಗಿ ಮಾಡಿ ಎಳೆಯಬೇಡಿ. ಆ್ಯಕ್ಷನ್ ಬಾಗಿದ ಸ್ಥಿತಿಯಲ್ಲೇ ಎಪಾಕ್ಸಿ ಗಟ್ಟಿಯಾಗುತ್ತದೆ, ಬೆಡ್ಡಿಂಗ್ ಮಾಡಿದ ಉದ್ದೇಶವೇ ಹೋಯಿತು. ಸ್ಕ್ರೂ ಬರೀ ದಾರಿ ತೋರಿಸಲು ಇರಲಿ. ಮೇಲಿಂದ ರಬ್ಬರ್ ಟ್ಯೂಬ್ ಸುತ್ತಿ ಹಿಡಿಸಿ. ಬ್ಯಾರೆಲ್ ಮಧ್ಯಕ್ಕೆ ನಿಲ್ಲಲು ಫೋರ್‌ಎಂಡ್ (ಸ್ಟಾಕ್‌ನ ಮುಂಭಾಗ) ತುದಿಯ ಹತ್ತಿರ ಬ್ಯಾರೆಲ್‌ಗೆ ಟೇಪ್ ಸುತ್ತಿದರೆ ಸಾಕು.

ಉತ್ತರ 2: ಮೇಲಿನವರು ಹೇಳಿದ್ದೆಲ್ಲ ಸರಿ. ಜೆಬಿ ವೆಲ್ಡ್ ಬಗ್ಗೆ ಹೇಳಿಬಿಡುತ್ತೇನೆ. ಹಳೆಯ, ನಿಧಾನಕ್ಕೆ ಗಟ್ಟಿಯಾಗುವ ಜೆಬಿ ವೆಲ್ಡ್ ನಾನು ಬಳಸಿದ್ದೇನೆ, ದೂರು ಇಲ್ಲ. ಅದೂ 1:1. ಪೂರ್ತಿ ಗಟ್ಟಿಯಾಗಲು 15ರಿಂದ 24 ಗಂಟೆ ಬೇಕು. ಪುಟ್ಟಿಗಿಂತ ಸ್ವಲ್ಪ ತೆಳು, ಹಾಗಾಗಿ ಹರಿಯದಂತೆ ಮೇಣದ ಮಣ್ಣಿನ ಕಟ್ಟೆ ಚೆನ್ನಾಗಿ ಕಟ್ಟಬೇಕು. ಲಗ್ ಸುತ್ತ ಮಾತ್ರ ಹಾಕುವುದಾದರೆ ಇದೇ ಸಾಕು.

ಸ್ಟಾಕ್ ಮರದ್ದು ಅಂದಿದ್ದೀರಿ, ಒಳ್ಳೆಯದು. ಮರಕ್ಕೂ ಫೈಬರ್‌ಗ್ಲಾಸ್‌ಗೂ ಎಪಾಕ್ಸಿ ಚೆನ್ನಾಗಿ ಕಚ್ಚುತ್ತದೆ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗೆ ಕಷ್ಟ. ಒರಟು ಮಾಡಿ, ಸಣ್ಣ ಸಣ್ಣ ತೂತು ಕೊರೆದು ಹಿಡಿತ ಕೊಡಬೇಕಾಗುತ್ತದೆ. ನೀವು ಎಣ್ಣೆ ಹಿಡಿದ ಮರವನ್ನು ಕೆರೆದು ಹೊಸ ಮರ ಕಾಣುವ ಹಾಗೆ ಮಾಡಿ. ಎಣ್ಣೆಯ ಮೇಲೆ ಹಾಕಿದರೆ ಆಮೇಲೆ ಚಕ್ಕೆಯಾಗಿ ಎದ್ದು ಬರುತ್ತದೆ. ಹಾಗೇ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಪಿಲ್ಲರ್ (ಸಣ್ಣ ಕೊಳವೆ) ಹಾಕುವುದನ್ನೂ ಯೋಚಿಸಿ. ಸ್ಕ್ರೂ ಬಿಗಿದಾಗ ಮರ ಅಮುಕಿಕೊಳ್ಳುವುದಿಲ್ಲ. ಮರ ತೇವಕ್ಕೆ ಉಬ್ಬಿ ಇಳಿಯುತ್ತದೆ, ನಿಮ್ಮ ಗುಂಡು ಜಾಗ ಬದಲಿಸಲು ಅದೂ ಕಾರಣ ಇರಬಹುದು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಐದು ನಿಮಿಷದ ಎಪಾಕ್ಸಿ ಇದೆ, ಅದು ನಡೆಯುತ್ತಾ? ಮತ್ತೆ ಆ್ಯಕ್ಷನ್ ಯಾವಾಗ ಬಿಚ್ಚಬೇಕು?

ಉತ್ತರ 1: ಅದು ಬೇಡವೇ ಬೇಡ. ಕೂರಿಸಿ ಸರಿಮಾಡುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಬೇಗ ಗಟ್ಟಿಯಾಗುವುದು ಬಿಸಿಯೂ ಜಾಸ್ತಿ ಆಗುತ್ತದೆ. ಒಳ್ಳೆಯ ಪುಟ್ಟಿಯನ್ನೂ ಒಂದೇ ಸಲ ದಪ್ಪಗೆ ಹಾಕಿದರೆ ಬಿಸಿಯಾಗಿ ಕುಗ್ಗುತ್ತದೆ. ಆಳ ಜಾಸ್ತಿ ಇದ್ದರೆ ಮೊದಲು ತುಂಬಿ, ಗಟ್ಟಿಯಾದ ಮೇಲೆ ಒರಟು ಮಾಡಿ, ಮೇಲೊಂದು ತೆಳು ಪದರ ಹಾಕಿ.

ಬಿಚ್ಚಲು ಅವಸರ ಬೇಡ. ಡಬ್ಬಿಯಲ್ಲಿ ಹೇಳಿದ ಹೊತ್ತು ಪೂರ್ತಿ ಬಿಡಿ. ಚಳಿ ಇದ್ದರೆ ಇನ್ನೂ ಜಾಸ್ತಿ ಹೊತ್ತು ಬೇಕು. ಅಂಚಿನಿಂದ ಹೊರಬಂದದ್ದನ್ನು ಮೆತ್ತಗಿರುವಾಗಲೇ ಪ್ಲಾಸ್ಟಿಕ್ ಚೂರಿನಿಂದ ತೆಗೆದು, ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎದ್ದು ಬರದಿದ್ದರೆ ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿ, ಲೋಹ ಕುಗ್ಗಿ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ.

ಉತ್ತರ 3: ಎರಡು ಮಾತು ಸೇರಿಸುತ್ತೇನೆ. ಕೆಲಸ ಶುರು ಮಾಡುವ ಮೊದಲು ಗುಂಡು ಇಲ್ಲ ಅಂತ ಚೇಂಬರ್ ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಕೈಗೆ ಗ್ಲೌಸ್ ಹಾಕಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಬಂದರೆ ಬಿಡುವುದು ಕಷ್ಟ.

ಆಮೇಲೆ ಪರೀಕ್ಷೆ. ಸ್ಕ್ರೂ ಎರಡೂ ಬಿಗಿ ಮಾಡಿ, ಫೋರ್‌ಎಂಡ್‌ಗೆ ಡಯಲ್ ಇಂಡಿಕೇಟರ್ (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ಹಿಡಿಸಿ ಅದರ ತುದಿಯನ್ನು ಬ್ಯಾರೆಲ್‌ಗೆ ತಾಗಿಸಿ. ಮುಂದಿನ ಸ್ಕ್ರೂ ನಿಧಾನಕ್ಕೆ ಸಡಿಲ ಮಾಡಿ. ಮಾಪಕದ ಮುಳ್ಳು ಓಡಿದ್ದು 0.05 ಮಿಲಿಮೀಟರ್ ಒಳಗೆ ಇದ್ದರೆ ಬೆಡ್ಡಿಂಗ್ ಚೆನ್ನಾಗಿ ಕೂತಿದೆ. ಅದಕ್ಕಿಂತ ಜಾಸ್ತಿ ಓಡಿದರೆ ಆ್ಯಕ್ಷನ್ ಎಲ್ಲೋ ಬಾಗುತ್ತಿದೆ ಅಂತ ಅರ್ಥ, ಮೇಲಿನ ಪದರ ಕೆರೆದು ಇನ್ನೊಂದು ತೆಳು ಪದರ ಹಾಕಿ.